ಗಡ್ಡೆಗೆ ಎಚ್ಚರವಾಗದ ಹಾಗೆ

ಹಾಸನದಲ್ಲಿ ನಮ್ಮ ಲ್ಯಾಬಿನ ಹಿಂಗೋಡೆಗೆ ಬೆನ್ನು ಕೊಟ್ಟು
ಆಲೂಗೆಡ್ಡೆಯ ಕೋಲ್ಡ್ ಸ್ಟೋರೇಜು.
ಅಲ್ಲಿ ಮೂರು ಡಿಗ್ರಿ. ಜಲಂಧರದಿಂದ ಬಂದ ಬಿತ್ತನೆಗಡ್ಡೆ
ಗೋಣಿಯೊಳಗೆ ಅಷ್ಟೂ ಕಣ್ಣು ಮುಚ್ಚಿ ಮಲಗಿರುತ್ತದೆ.
ಇಲ್ಲಿ, ಚಿನ್ನದ ನೀರು ಕುಡಿಸಿದ ತಟ್ಟೆಗಳ ಕೆಳಗೆ,
ಸೊನ್ನೆಯಿಂದ ಇನ್ನೂರ ಎಪ್ಪತ್ಮೂರು ಮೆಟ್ಟಿಲಿಳಿದು
ತಳಕ್ಕೆ ಕೂದಲೆಳೆಯಷ್ಟು ಮೇಲೆ,
ಉಗುರಗಲದ ಒಂದು ಚಿಪ್.

(ಚಿಪ್ ಮಾಡುತ್ತೇವೆ ಎಂದರೆ
ಆಟೋದವನು ಕೇಳಿದ್ದು, ಯಾವ ಎಣ್ಣೇಲಿ?)

ಅದರಲ್ಲಿ ಹದಿನೇಳು ಕ್ಯೂಬಿಟ್.
ಹದಿನಾರು ಎನ್ನಿ, ಒಂಬತ್ತನೆಯದು
ಫೆಬ್ರವರಿಯಿಂದ ಮಾತಾಡುತ್ತಿಲ್ಲ.

ನೂರ ಎಂಬತ್ತು ಮೈಕ್ರೋಸೆಕೆಂಡು.
ಅಷ್ಟರೊಳಗೆ ಕೇಳುವುದೆಲ್ಲ ಕೇಳಿ ಮುಗಿಸಬೇಕು,
ನಡುವೆ ಇಣುಕಬಾರದು.
ಇಣುಕಿದರೆ ಹ್ಞೂಂ, ಇಲ್ಲವೇ ಊಹ್ಞೂಂ.
ಇಣುಕದಿದ್ದರೆ ಎರಡೂ ಅಲ್ಲದ,
ಎರಡೂ ಆದ ಒಂದು ಗುನುಗು.
ನನ್ನ ಸಂಬಳ ಆ ಗುನುಗಿಗೆ.

ಮೇ ತಿಂಗಳಲ್ಲಿ ಕೆಟ್ಟಿತು.
ದಿನಾ ನಸುಕಿಗೆ ನಾಲ್ಕರಿಂದ ಆರು ಗ್ರಾಫು ಮುಗ್ಗರಿಸುತ್ತದೆ.
ಕೇಬಲ್ ಬದಲಿಸಿದೆವು. ಕವಚಕ್ಕೊಂದು ಕವಚ ತೊಡಿಸಿದೆವು.
ಯಂತ್ರ ಮಾರಿದವರಿಗೆ ಬರೆದರೆ
"ನಿಮ್ಮ ಆಸುಪಾಸಿನಲ್ಲಿ ಏನಾದರೂ?" ಎಂದು ಬಲು ಮರ್ಯಾದೆಯ ಉತ್ತರ.

ನಿದ್ದೆಗೆಟ್ಟು ಹೊರಗೆ ಬಂದೆ.
ಲೋಡು ಲಾರಿಗಳ ಸಾಲು, ರಸ್ತೆಯುಬ್ಬು,
ಒಂದೊಂದೇ ಹತ್ತಿ ಇಳಿದು, ದಡ್.
ದಡ್.
ಮಂಕಿ ಟೋಪಿಯ ಕಾಳಾಚಾರಿ
ಕಂಪ್ರೆಸರಿಗೆ ಸ್ಪ್ಯಾನರ್ ಊರಿ, ಇನ್ನೊಂದು ತುದಿ ಕಿವಿಗಿಟ್ಟು
ನಾಡಿ ನೋಡುತ್ತಿದ್ದ.
"ನಿಮ್ದೂ ಫ್ರಿಜ್ಜಂತೆ ಮೇಡಮ್. ಒಳ್ಗೇನು?"
ಹೇಳಿಬಿಟ್ಟೆ: "ಏನಾಗಬೇಕು ಅಂತ ಇನ್ನೂ ತೀರ್ಮಾನ ಮಾಡದೆ ಇರೋದು."
ಅವನು ನಗಲಿಲ್ಲ.
"ನಮ್ದೂ ಅದೇಯ. ಬಾಗ್ಲು ತೆಗ್ದೂ ತೆಗ್ದೂ ನೋಡುದ್ರೆ
ಗಡ್ಡೆಗೆ ಎಚ್ಚರಾಯ್ತದೆ.
ಹೊತ್ಗೆ ಮುಂಚೆ ಎಚ್ಚರಾದ್ರೆ
ಹೊಲಕ್ಕೂ ಇಲ್ಲ, ಸಾರ್ಗೂ ಇಲ್ಲ."

ಮಾರನೆಯ ದಿನ ಯಾರಿಗೆ ಏನು ಹೇಳಿದನೋ,
ಲಾರಿಗಳು ಉಬ್ಬಿನಾಚೆಯೇ ನಿಂತು
ಗೋಣಿಗಳು ಹೆಗಲ ಮೇಲೆ ಬಂದವು.
ಗ್ರಾಫು ನೆಟ್ಟಗಾಯಿತು.
ಹಮಾಲರ ಹೆಗಲು ಯಾವ ಗ್ರಾಫಿನಲ್ಲೂ ಮೂಡಲಿಲ್ಲ.

ಪ್ರಬಂಧದ ಕೊನೆಗೆ ಕೃತಜ್ಞತೆಯಲ್ಲಿ ಅವನ ಹೆಸರು ಬರೆದೆ.
ಎರಡನೆಯ ವಿಮರ್ಶಕರ ಏಕೈಕ ಆಕ್ಷೇಪ:
ಶ್ರೀ ಕಾಳಾಚಾರಿ ಯಾವ ಸಂಸ್ಥೆಯವರು?
ಇನ್ನೂ ಉತ್ತರಿಸಿಲ್ಲ.

ಒಂಬತ್ತನೆಯದು ಇನ್ನೂ ಮಾತಾಡಿಲ್ಲ.
ನಾನೂ ಈಗ
ಬಾಗಿಲು ತಟ್ಟಲು ಹೋಗುತ್ತಿಲ್ಲ.