ಹೋದ ಗಾಳಿ, ಬಂದ ಗಾಳಿ

ಮೇ ತಿಂಗಳ ಕಲಬುರಗಿ. ಮೂರು ಗಂಟೆ. ಕರೆಂಟಿಲ್ಲ.
ಮೂಲೆಯ ಇನ್ವರ್ಟರು ಮುದಿ ಬೆಕ್ಕಿನಂತೆ ಗುರುಗುಟ್ಟುತ್ತದೆ,
ಹೊಟ್ಟೆಯಲ್ಲಿ ಸೀಸ, ಆಸಿಡ್ಡು, ಮುತ್ತಜ್ಜನ ಕಾಲದ ವಿದ್ಯೆ.
ನನ್ನದು ಹೊಸದು: ರೂಪಾಯಿ ಬಿಲ್ಲೆಯಷ್ಟಗಲ,
ಒಂದು ಕಡೆ ಲಿಥಿಯಂ, ಇನ್ನೊಂದು ಕಡೆ ಕಿಂಡಿ.

ಪುಸ್ತಕದಲ್ಲಿ ಎಲ್ಲ ಸರಳ.
ಗಾಳಿ ಒಳಬರುತ್ತದೆ, ಲಿಥಿಯಂ ಹಿಡಿದು ಕೂರಿಸಿಕೊಳ್ಳುತ್ತದೆ,
ದೀಪ ಹತ್ತುತ್ತದೆ.
ಚಾರ್ಜಿಗಿಟ್ಟರೆ ಬಂದ ದಾರಿಯಲ್ಲೇ ವಾಪಸು.
'ಉಸಿರಿನಂತೆ' ಎಂದು ಮೊದಲ ವರದಿಯಲ್ಲಿ ಬರೆದಿದ್ದೆ.
ಗೈಡು ಕೆಂಪು ಶಾಯಿಯಲ್ಲಿ ಹೊಡೆದು ಪಕ್ಕಕ್ಕೆ
'ಲೆಕ್ಕ ಎಲ್ಲಿ?' ಎಂದಿದ್ದರು.

ಲೆಕ್ಕ ಇಲ್ಲಿದೆ ಸರ್.
ಮೊದಲ ಸುತ್ತು: ನೂರು ಹೋದವು, ತೊಂಬತ್ತೊಂದು ಬಂದವು.
ಆರನೆಯದರಲ್ಲಿ ಎಂಬತ್ತು.
ಹನ್ನೊಂದರಲ್ಲಿ ಅರವತ್ತಾರು, ಬೆನ್ನಿಗೇ
ಯಾರೂ ಕರೆಯದ ಇಂಗಾಲದ ಡೈಆಕ್ಸೈಡು,
ಬೀಗರ ಹಿಂದೆ ಊಟಕ್ಕೆ ನುಗ್ಗಿದವನ ಹಾಗೆ.

ಆಮ್ಲಜನಕ ಹುಟ್ಟಾ ಸೋಮಾರಿ.
ಇಡೀ ದಿನ ಸೇದುತ್ತೇವೆ, ಯಾರೂ ಹೊತ್ತಿ ಉರಿಯುವುದಿಲ್ಲ.
ಅದರೊಳಗೆರಡು ಎಲೆಕ್ಟ್ರಾನು, ಬೇರೆ ಬೇರೆ ಖೋಲಿ,
ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿರುತ್ತವೆ.
ಹೊರಬೀಳುವ ನೂಕುನುಗ್ಗಲಲ್ಲಿ ಕೆಲವಕ್ಕೆ
ಒಂದು ಎಲೆಕ್ಟ್ರಾನು ಮಗ್ಗುಲು ಬದಲಿಸುತ್ತದೆ.
ಅಷ್ಟೇ.
ಹೆಸರು ಸಿಂಗ್ಲೆಟ್. ಬೇರೆ ಅಣುವಲ್ಲ, ಅದೇ,
ಕೆಟ್ಟ ಗಳಿಗೆಯಲ್ಲಿ ಎದ್ದದ್ದು.
ಸುತ್ತಲಿನ ದ್ರಾವಕವನ್ನು ಕಚ್ಚುತ್ತದೆ,
ತಾನು ಕೂತೆದ್ದ ಇಂಗಾಲದ ಚಾಪೆಯನ್ನೂ.
ಕಚ್ಚಿದಲ್ಲೆಲ್ಲ ಬಿಳಿ ಹಕ್ಕಳೆ.

ಇಳಿಯುವಾಗ ಅದು ಬೆಳಕು ಬಿಡುತ್ತದಂತೆ,
ಕೆಂಪಿನಾಚೆಯದು, ಕಣ್ಣಿಗಿಲ್ಲ.
ನೋಡುವ ಯಂತ್ರ ನಮ್ಮಲ್ಲಿಲ್ಲ.
ಆಂಥ್ರಸೀನಿನ ಬಳಗದ ಒಂದು ಚಿಟಿಕೆ ಪುಡಿ ಬೆರೆಸಿದೆ,
ನೇರಳೆ ದೀಪದಡಿ ನೀಲಿ ಹೊಳೆಯುವಂಥದು.
ಬೆಳಿಗ್ಗೆ ಬಂದು ನೋಡಿದರೆ ಹೊಳಪು ಸತ್ತಿತ್ತು.
ಕಳ್ಳನನ್ನು ಕಂಡವರಿಲ್ಲ. ನಾಯಿ ಬೊಗಳುವುದು ನಿಂತಿತ್ತು.

ಆವತ್ತೇ ಅಪ್ಪ ಬಂದ, ಶಹಾಬಾದಿನಿಂದ
ಪ್ಯಾಸೆಂಜರ್ ಗಾಡಿಯಲ್ಲಿ, ಶೇಂಗಾ ಹಿಂಡಿಯ ಡಬ್ಬಿ ಹಿಡಿದು.
ಭೀಮಶಾ ಮುಕದ್ದಮ್: ಮೂವತ್ತು ವರ್ಷ ಖಣಿಯಲ್ಲಿ
ಫರಸಿ ಎಣಿಸಿದವನು.
ಚಪ್ಪಲಿ ಬಿಟ್ಟು ಮೊದಲು ನೆಲ ನೋಡಿದ.
"ಇದು ನಮ್ಮದಲ್ಲ. ತಾಂಡೂರಿನ ಮಾಲು."

ಸತ್ತ ಸೆಲ್ಲು ಬಿಚ್ಚಿದೆ. ಕರಿ ಚಾಪೆಯ ಮೇಲೆ
ಒಂದು ಹನಿ ಆಸಿಡ್ಡು.
ಸುಂಯ್ ಎಂದು ಬುರುಗು.
ಅಪ್ಪ ಬಗ್ಗಿದ. "ಯವ್ವಾ, ಇದು ಕಲ್ಲ ಅದ."
"ಕಲ್ಲಲ್ಲಪ್ಪ, ಲಿಥಿಯಂ ಕಾರ್ಬೊನೇಟು."
"ಏನರ ಇರಲಿ. ನಾವು ಲಿಂಬಿಹಣ್ಣು ಹಿಂಡಿ ನೋಡ್ತಿದ್ವಿ.
ಬುರುಗು ಬಂತಂದ್ರ ಸುಣ್ಣದ ಜಾತಿ.
ನಮ್ಮ ಕಲ್ಲು ಕೂಡ್ಲಾಕ ಯುಗ ಹಿಡೀತಂತ. ನಿಂದು?"
"ಹನ್ನೊಂದು ಸುತ್ತು. ನಾಲ್ಕು ದಿನ."
ಹಲ್ಲಿಲ್ಲದ ಬಾಯಿ ತೆರೆದು ನಕ್ಕ,
ಖಣಿ ಮುಚ್ಚಿದ ಮೇಲೆ ಹಾಗೆ ನಕ್ಕದ್ದು ನಾನು ಕಂಡಿರಲಿಲ್ಲ.

ನಾಳೆ ಇನ್ನೊಂದು ಪುಡಿ ಹಾಕುತ್ತೇನೆ, ಡಾಬ್ಕೋ ಅಂತ.
ಕೆರಳಿದ ಅಣುವನ್ನು ತಾಕಿಸಿಕೊಳ್ಳುತ್ತದೆ,
ಕೆರಳು ಬಿಸಿಯಾಗಿ ಇಳಿದುಹೋಗುತ್ತದೆ,
ಪುಡಿಗೇನೂ ಆಗುವುದಿಲ್ಲ, ಹೆಚ್ಚು ವೋಲ್ಟು ಏರಿಸದಿದ್ದರೆ.
ಅಪ್ಪನಿಗೆ ಇದನ್ನು ಎರಡು ಸಲ ಹೇಳಿದೆ.

"ಆ ಬಿಸಿ ಎಲ್ಲಿ ಹೋಗ್ತದ?" ಅಂದ,
ಧೋತರದ ಚುಂಗಿನಿಂದ ಕುತ್ತಿಗೆ ಒರೆಸುತ್ತ.

ಕಿಟಕಿಯಾಚೆ ನಲವತ್ನಾಲ್ಕು ಡಿಗ್ರಿ.
ಹನ್ನೆರಡನೆಯ ಸುತ್ತಿನ ಖಾನೆ ಖಾಲಿ.
ಅಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡೆ:
ಬಿಸಿ, ಎಲ್ಲಿ?