ಗರಡಿಹುಳ

ಬಸ್ಸು ನಿಂತದ್ದು ಜಲ್ಲಿಕಲ್ಲಿನ ಅಂಗಳದಲ್ಲಿ.
ಬೋರ್ಡಿನ ಮೇಲೆ ಇಲಾಖೆಯ ತ್ರಿಕೋನ, ಯಾರದೋ ಗುಂಡಿನ ಎರಡು ತೂತು,
ಅದರಾಚೆ ಮೆರಮೆಕ್ ಹೊಳೆ, ಇನ್ನೂ ಎದ್ದಿರಲಿಲ್ಲ,
ಮಂಜಿನ ಕೌದಿ ಮೂಗಿನವರೆಗೆ ಎಳೆದುಕೊಂಡಿತ್ತು.

ನಾನು ಟೀಚರಲ್ಲ. ಮಧ್ಯಾಹ್ನದ ಊಟದ ಸಾಲಿನಲ್ಲಿ
ಬಟಾಣಿ ಬಡಿಸುವವಳು. ಇಂದು ಒಬ್ಬರು ಕಡಿಮೆ ಬಿದ್ದರೆಂದು
ಇಪ್ಪತ್ತಮೂರು ಮಕ್ಕಳ ಜೊತೆ ನನ್ನನ್ನೂ ಎಣಿಸಿ ಹತ್ತಿಸಿದರು.
ಕಾಲಿಗೆ ಕೊಟ್ಟ ರಬ್ಬರು ಬೂಟು: ಒಂದು ಒಂಬತ್ತು, ಇನ್ನೊಂದು ಹನ್ನೊಂದು.

ಡೆಲ್ಫೈನ್ ಕ್ರೌಡರ್, ದಾರಿ ತೋರಿಸುವಾಕೆ, ಅರವತ್ತು ದಾಟಿದ್ದಾಳೆ,
ಮಾತು ಕಮ್ಮಿ. ಹೊಳೆಯ ಚಂದ ಹೇಳಲೇ ಇಲ್ಲ.
"ಬಗ್ಗಿ," ಅಂದಳು. "ಒಂದು ಕಲ್ಲೆತ್ತಿ. ನೋಡಿ.
ಎಲ್ಲಿಂದ ತೆಗೆದಿರೋ ಅಲ್ಲೇ, ಅದೇ ಮಗ್ಗುಲಲ್ಲಿ ಮಲಗಿಸಿ."

ಬಟ್ಟೆ ಒಗೆದ ಕಲ್ಲು ನನಗೆ ಗೊತ್ತು,
ಹಿಮ್ಮಡಿ ತಿಕ್ಕಿದ ಕಲ್ಲು ಗೊತ್ತು,
ಜಾರಿಬಿದ್ದ ಕಲ್ಲಿಗೆ ಹಾಕಿದ ಶಾಪ ಇನ್ನೂ ಬಾಯಿಪಾಠ.
ಕಲ್ಲಿನ ಕೆಳಗೂ ಒಂದು ಓಣಿ ಇರುತ್ತದೆಂದು
ನಲವತ್ತೊಂಬತ್ತು ವರ್ಷ ಯಾರೂ ಹೇಳಲಿಲ್ಲ.
ನಾನೂ ಕೇಳಲಿಲ್ಲ.

ಐಸ್ ಮಾಡುವ ಬಿಳಿ ಟ್ರೇ, ಹನ್ನೆರಡು ಗುಂಡಿ.
ಒಂದರಲ್ಲಿ ಮರಳುಕಾಳು ಅಂಟಿಸಿ ಮನೆ ಕಟ್ಟಿಕೊಂಡವನು,
ಬಾಗಿಲಲ್ಲಿ ಆರು ಕಾಲು, ಒಂದು ಅನುಮಾನ.
ಒಂದರಲ್ಲಿ ಸವೆದ ತಾಮ್ರದ ಬಿಲ್ಲೆಯಂಥದು.
ಇನ್ನೊಂದರಲ್ಲಿ ಎರಡು ಬಾಲದ, ಹಳದಿ ಕಪ್ಪು ಚಿತ್ತಾರದ ಹುಳ
ಕಾಲೂರಿ ಮೈಯನ್ನು ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ

"ಪುಷ್-ಅಪ್ ಹೊಡೀತಿದೆ!" ಕೂಗಿದ ಬ್ರಾಂಟ್ಲಿ.
ತಲೆಗೆ ತಲೆ ಡಿಕ್ಕಿ ಟ್ರೇ ಮೇಲೆ.
ಮರಿಸೋಲ್ ತಿರುಗಿ, ಇನ್ನೊಂದು ಸೌಟು ಕೇಳುವಷ್ಟೇ ಸಲೀಸಾಗಿ:
"ಮಿಸ್ ನೀಲವ್ವ, ನಿಮ್ಮ ಭಾಷೇಲಿ ಇದಕ್ಕೇನಂತಾರೆ?"

ಏನಂತಾರೆ. ಬಾಯಿ ತೆರೆದು ಒಳಗೆಲ್ಲ ಹುಡುಕಿದೆ.
ಚೇಳು, ಜರಿ, ತಿಗಣೆ, ಜಿಗಣೆ, ಗೊದ್ದ:
ಕಚ್ಚುವುದಕ್ಕೆಲ್ಲ ಹೆಸರಿತ್ತು.
ತನ್ನ ಪಾಡಿಗೆ ತಾನಿರುವುದನ್ನು
ಹುಳ ಎಂದು ಮುಗಿಸಿಬಿಟ್ಟಿದ್ದೆವು.

ಆಗ ಕಂಡಿತು ಗದಗಿನ ಓಣಿ, ಗರಡಿಮನೆಯ ಕಿಂಡಿ.
ಹೆಣ್ಣುಮಕ್ಕಳು ತುಳಿಯಬಾರದ ಕೆಮ್ಮಣ್ಣು, ಎಣ್ಣೆಯ ಕಮಟು,
ಸೋದರಮಾವನ ಬೆನ್ನು ಏಳುತ್ತ ಇಳಿಯುತ್ತ ನೂರು ದಂಡ.
ನಾನು ಹೊರಗೆ, ಎರಡು ಇಟ್ಟಿಗೆಯ ಮೇಲೆ, ತುದಿಗಾಲಲ್ಲಿ.

"ಗರಡಿಹುಳ," ಅಂದೆ.
ಎಷ್ಟು ಖಾತ್ರಿಯಾಗಿ ಅಂದೆನೆಂದರೆ ಅರೆಗಳಿಗೆ ನಾನೇ ನಂಬಿದೆ.
ಮಕ್ಕಳ ಬಾಯಲ್ಲಿ ಅದು ಉರುಳಿ ಉರುಳಿ
ಗಾರ್ಡಿ ಊಲ, ಗರಾಡಿ ಹೂಲಾ.
ಮರಿಸೋಲ್ ತನ್ನ ಹಾಳೆಯಲ್ಲಿ ಬರೆದೇ ಬಿಟ್ಟಳು. ಎಣಿಕೆ: ನಾಲ್ಕು.

ಡೆಲ್ಫೈನ್ ಬಂದು ನೋಡಿದಳು. ನಗಲಿಲ್ಲ.
"ಕಸರತ್ತಲ್ಲ ಇದು. ನಿಂತ ನೀರಲ್ಲಿ ಉಸಿರು ಸಾಲುತ್ತಿಲ್ಲ.
ಹೊಳೆಯಲ್ಲಿ ಹರಿವು ತಾನಾಗಿ ಬರುತ್ತಿತ್ತು,
ಈಗ ಮೈ ಅಲುಗಿಸಿ ನೀರನ್ನು ಕರೆಯುತ್ತಿದೆ. ಸಾಕು, ಬಿಡೋಣ."

ಬ್ರಾಂಟ್ಲಿ ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದು ನಡೆದ,
ಬೂಟಿನೊಳಗೆ ನೀರು ನುಗ್ಗುವವರೆಗೆ ನಡೆದ.

ಮಾವ ಕೊನೆಯ ವರ್ಷ ಮಂಚದ ಅಂಚಿಗೆ ಕೈಯೂರಿ ಕೂರುತ್ತಿದ್ದ,
ಎದೆಯ ತುಂಬ ಜಿನ್ನಿಂಗ್ ಮಿಲ್ಲಿನ ಹತ್ತಿಧೂಳು.
ಅದೇ ಬೆನ್ನು, ಮೇಲಕ್ಕೆ, ಕೆಳಕ್ಕೆ.
ಇಟ್ಟಿಗೆ ಬೇಕಿರಲಿಲ್ಲ ಆಗ. ಎಲ್ಲರೂ ನೋಡಬಹುದಿತ್ತು.

ಕಲ್ಲನ್ನು ಅದರ ಮಗ್ಗುಲಿಗೇ ಮಲಗಿಸಿದೆ, ತುಸು ಓರೆಯಾಯಿತೇನೋ.
ಬಸ್ಸಿನಲ್ಲಿ ಪೂರ್ತಿ ದಾರಿ ನನ್ನ ಎಡಗಾಲುಚೀಲ ಒದ್ದೆ.

ಸೋಮವಾರ ಸಾಲಿನಲ್ಲಿ ತಟ್ಟೆ ಚಾಚಿ ಬ್ರಾಂಟ್ಲಿ
ಬಟಾಣಿ ಬೇಡ ಅಂದ. ಎಂದಿನಂತೆ.
ಎರಡು ಹೆಜ್ಜೆ ಹೋಗಿ ತಿರುಗಿ ಬಂದ:
"ಗಾರ್ಡಿ ಹೂಲಾ ಒಂದಕ್ಕಿಂತ ಜಾಸ್ತಿ ಇದ್ದರೆ ಏನಂತೀರಿ?"

ಗರಡಿಹುಳಗಳು, ಅಂದೆ.
ಇದೊಂದು ಮಾತ್ರ ಸುಳ್ಳಲ್ಲ.