ಅಂಗೈ ಯಾರ ಕಡೆಗೆ

ಎಲಿಸೆಯೊ ಟಾಟಾ ಮಾಡುವಾಗ
ಅಂಗೈಯನ್ನು ತನ್ನ ಕಡೆಗೇ ತಿರುಗಿಸಿಕೊಳ್ಳುತ್ತಾನೆ.
ಲೆಕ್ಕ ಸರಿಯೇ ಇದೆ:
ಇಷ್ಟು ದಿನ ಎಲ್ಲರೂ ಅವನಿಗೆ ತೋರಿಸಿದ್ದು ಅಂಗೈ,
ಅವನು ಕಂಡದ್ದನ್ನು ಕಂಡ ಹಾಗೇ ಇಟ್ಟುಕೊಂಡ.
ಎದುರಿಗಿದ್ದವರ ಪಾಲಿಗೆ
ಐದು ಉಗುರು, ಗಾಯಕ್ಕೆ ಅಂಟಿಸಿದ ಒಂದು ಪಟ್ಟಿ.

ಚಿಲೋಯೆ ದ್ವೀಪದ ಶಾಲೆ. ಸೌದೆ ಒಲೆಯ ಪಕ್ಕ ನಮ್ಮ ಮೇಜು.
ನಡುವೆ ಒಂದು ರಟ್ಟು ನಿಲ್ಲಿಸುತ್ತೇನೆ,
ಅವನ ಕಡೆ ದೋಣಿ, ನನ್ನ ಕಡೆ ಕುರಿ.
"ನಿನಗೇನು ಕಾಣುತ್ತೆ?"
ದೋಣಿ.
"ನನಗೇನು ಕಾಣುತ್ತೆ?"
ದೋಣಿ.
ರಟ್ಟು ತಿರುಗಿಸಿ ಕುರಿ ತೋರಿಸಿ
ಮತ್ತೆ ಮೊದಲಿನಂತೆ ನಿಲ್ಲಿಸಿ, "ಈಗ ನನಗೆ?"
ದೋಣಿ, ಅನ್ನುತ್ತಾನೆ ಸ್ವಲ್ಪ ಜೋರಾಗಿ,
ಕಿವಿ ಮಂದವಾದವರಿಗೆ ಹೇಳುವ ಹಾಗೆ.

ಮಾರ್ಚಿಯಿಂದ ಜುಲೈವರೆಗೆ ಇದೇ.
ರಟ್ಟಿನ ಮೂಲೆ ಸವೆದು ಪದರು ಬಿಟ್ಟಿತು.
ಸರಿ ಉತ್ತರಕ್ಕೊಂದು ಬಣ್ಣದ ಗುಂಡಿ ಅಂತ ಮಾತು;
ಡಬ್ಬಿಯಲ್ಲಿ ಗುಂಡಿಗಳು ತುಂಬಿಯೇ ಇವೆ.
ಒಮ್ಮೆ ನನ್ನ ಕುರ್ಚಿಗೆ ಕರೆದೆ. ಬಂದ, ಕೂತ,
ಕುರಿ ಅಂದ. ಆಮೇಲೆ ಏಳಲೇ ಇಲ್ಲ.
ಅಲ್ಲಿ ಕೂತರೆ ಒಲೆಯ ಕೊಳವೆ
ಸಣ್ಣಗೆ ಸಿಳ್ಳೆ ಹಾಕುವುದು ಕೇಳುತ್ತದಂತೆ.
ಹನ್ನೊಂದು ವರ್ಷ ಅಲ್ಲೇ ಕೂತವಳು ನಾನು.

ಅವನಪ್ಪ ನಿಬಾಲ್ದೊಗೆ ಫೆರ್ರಿಯಲ್ಲಿ ಹಗ್ಗ ಬಿಚ್ಚುವ ಕೆಲಸ.
ಆ ಗುರುವಾರ ಚಕಾವೊ ದಡದಲ್ಲಿ
ಮೀನಿನ ನಾತ, ಲಾರಿಗಳ ಹೊಗೆ, ಗಾಳಿ.
ಹಡಗು ಬಿಟ್ಟಿತು. ಅಪ್ಪ ಹಿಂಬದಿಯಿಂದ ಕೈ ಎತ್ತಿದ.
ಮಗನೂ ಎತ್ತಿದ, ಅಂಗೈ ತನ್ನ ಕಡೆಗೇ.
ನಾನೇನೂ ಕೇಳಿರಲಿಲ್ಲ.
ಕಡತ ಚೀಲದಲ್ಲಿತ್ತು, ರಟ್ಟು ಶಾಲೆಯಲ್ಲಿ.

"ಅಪ್ಪನಿಗೆ ಎಲಿಸೆಯೊ ಸಣ್ಣಗಾಗ್ತಿದಾನೆ," ಅಂದ.

ನಾನು ಉಸಿರು ಹಿಡಿದೆ.
ಹಡಗು ಇನ್ನಷ್ಟು ದೂರ.
"ಈಗ ಹಳದಿ ಚುಕ್ಕೆ."

ಮಂಜು ಕವಿಯಿತು.
"ಈಗ ಇಲ್ಲ," ಅಂದವನೇ
ತನ್ನ ಹಳದಿ ಜಾಕೆಟ್ಟಿನ ತೋಳನ್ನು
ಒಮ್ಮೆ ಮುಟ್ಟಿ ನೋಡಿಕೊಂಡ.

ಜೇಬು ತಡಕಿದೆ, ಗುಂಡಿ ಇರಲಿಲ್ಲ.
ನನ್ನ ಕೋಟಿನದೇ ಒಂದನ್ನು ಕಿತ್ತು ಕೊಟ್ಟೆ.
ಅದರ ನಾಲ್ಕು ತೂತುಗಳಲ್ಲಿ ಒಂದೊಂದಾಗಿ
ಕಡಲನ್ನು ನೋಡುತ್ತಾ ನಿಂತ.

ಮರುದಿನ ಮೇಜಿನ ಮೇಲೆ ರಟ್ಟು.
"ನನಗೇನು ಕಾಣುತ್ತೆ?"
ದೋಣಿ.

ಬರೆದುಕೊಂಡೆ.
ಗುಂಡಿ ಇಲ್ಲದ ಕಡೆ ಕೋಟಿನೊಳಕ್ಕೆ
ದಾರಿಯುದ್ದಕ್ಕೂ ಗಾಳಿ ನುಗ್ಗುತ್ತಿತ್ತು.
ಹೊಲಿಸಿಕೊಳ್ಳಬೇಕು. ಇನ್ನೂ ಹೊಲಿಸಿಲ್ಲ.